ಮೆಟೀರಿಯಲ್ ಸಮೇತ ಗುತ್ತಿಗೆ: "ಎಂಟು ತಿಂಗಳಿಗೆ ಕೀಲಿ" ಅನ್ನುವ ಮಾತು ಎಷ್ಟು ಬಾಳುತ್ತದೆ?

ದಾವಣಗೆರೆಯಲ್ಲಿ ಸ್ವಂತ ಸೈಟಿನಲ್ಲಿ ಮನೆ ಕಟ್ಟಿಸುವವರಿಗೆ ಎರಡು ದಾರಿ. ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡ್ ನೀವೇ ತರಿಸಿ ಮೇಸ್ತ್ರಿಗೆ ಚದರದ (ನೂರು ಚದರಡಿ) ಲೆಕ್ಕದಲ್ಲಿ ಕೂಲಿ ಕೊಡುವ ಲೇಬರ್ ಕಾಂಟ್ರ್ಯಾಕ್ಟ್ ಒಂದು. ಪಾಯದಿಂದ ಪೇಂಟಿನ ತನಕ ಎಲ್ಲವನ್ನೂ ಒಬ್ಬರಿಗೇ ಒಪ್ಪಿಸುವ ಮೆಟೀರಿಯಲ್ ಸಮೇತ ಗುತ್ತಿಗೆ ಇನ್ನೊಂದು. ಎರಡನೆಯದಕ್ಕೆ ಚದರಕ್ಕೆ ಹೆಚ್ಚು ದುಡ್ಡು ಬೀಳುತ್ತದೆ. ಆ ಹೆಚ್ಚುವರಿ ದುಡ್ಡಿಗೆ ಸಿಗುವ ಮುಖ್ಯ ಭರವಸೆ ಸಮಯ. ನಿಟ್ಟುವಳ್ಳಿಯಿಂದ ಶಾಮನೂರು ರಸ್ತೆಯವರೆಗೆ ಎಲ್ಲಿ ವಿಚಾರಿಸಿದರೂ ಕೇಳಿಸುವುದು ಒಂದೇ ಮಾತು: "ಎಂಟು ತಿಂಗಳು ಸರ್, ಕೀಲಿ ನಿಮ್ಮ ಕೈಗೆ."

ಈ ವಿಮರ್ಶೆ ಆ ಮಾತಿನದು. ಯಾವ ಗುತ್ತಿಗೆದಾರ ಒಳ್ಳೆಯವನು ಎಂಬುದು ಇಲ್ಲಿನ ವಿಷಯವಲ್ಲ. ಈ ಸೇವೆ ಹೇಗೆ ನಡೆಯುತ್ತದೆ, ಅದರ ಒಪ್ಪಂದ ಹೇಗಿರುತ್ತದೆ, ದಿನಗಳು ಎಲ್ಲಿ ಸೋರಿಹೋಗುತ್ತವೆ ಎಂಬುದಷ್ಟೇ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಮೇಲಿನ ಸ್ಲ್ಯಾಬ್ ಬೀಳುವವರೆಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅಲ್ಲಿಂದ ಮುಂದೆ, ಕಂತಿನ ಪಟ್ಟಿಯನ್ನು ತಿದ್ದಿ ಬರೆಸಿಕೊಳ್ಳದಿದ್ದರೆ, ಇದು ಲೇಬರ್ ಕಾಂಟ್ರ್ಯಾಕ್ಟಿಗಿಂತಲೂ ನಿಧಾನ.

ಎಂಟು ತಿಂಗಳು ಎಲ್ಲಿಂದ ಬಂತು?

30×40 ಸೈಟು, ಕೆಳಗೊಂದು ಮೇಲೊಂದು ಮನೆ, ಒಟ್ಟು 18 ಚದರ ಎಂದಿಟ್ಟುಕೊಳ್ಳಿ. ಎರೆ ಮಣ್ಣು ಕಳೆದು ಗಟ್ಟಿ ನೆಲ ಸಿಗುವ ತನಕ ಅಗೆದು, ಫೂಟಿಂಗ್, ಕಾಲಂ, ಪ್ಲಿಂತ್ ಬೀಮ್ (ನೆಲಮಟ್ಟದ ತೊಲೆ) ಮುಗಿಸಿ, ಒಳಗೆ ಗರಸು ತುಂಬಿ ದಿಮ್ಮಸು ಹೊಡೆಯುವುದಕ್ಕೆ ಆರು ವಾರ. ಕೆಳಗಿನ ಗೋಡೆ ಮತ್ತು ಸ್ಲ್ಯಾಬಿಗೆ ಆರು, ಮೇಲಿನದಕ್ಕೆ ಆರು. ಪ್ಯಾರಪೆಟ್, ಮೆಟ್ಟಿಲ ತಲೆ, ಟ್ಯಾಂಕಿನ ಕಟ್ಟೆಗೆ ಎರಡೂವರೆ. ಗೋಡೆ ಕೊರೆದು ಪೈಪು ಹೂತು ಒಳ-ಹೊರ ಪ್ಲಾಸ್ಟರಿಂಗಿಗೆ ಏಳು. ಬಾತ್‌ರೂಮಿನ ವಾಟರ್‌ಪ್ರೂಫಿಂಗ್, ಟೈಲ್ಸ್, ಗ್ರಾನೈಟಿಗೆ ಐದು. ಬಾಗಿಲು, ಕಿಟಕಿ, ಪುಟ್ಟಿ, ಪೇಂಟು, ಸ್ವಿಚ್ಚು, ನಲ್ಲಿಗೆ ಎಂಟು. ಕೂಡಿದರೆ ನಲವತ್ತೂವರೆ ವಾರ, ಅಂದರೆ ಒಂಬತ್ತು ತಿಂಗಳ ಮೇಲೆ. ಇದರಲ್ಲಿ ಮಳೆಯ ಒಂದು ದಿನವೂ ಇಲ್ಲ, ಹಬ್ಬದ ಒಂದು ದಿನವೂ ಇಲ್ಲ.

ಎಂಟಕ್ಕೆ ಇಳಿಸಬೇಕಾದರೆ ಒಂದರ ಮೇಲೊಂದು ಕೆಲಸ ಹೊಂದಿಸಬೇಕು. ಮೇಲೆ ಗೋಡೆ ಏಳುವಾಗ ಕೆಳಗೆ ಒಳ ಪ್ಲಾಸ್ಟರಿಂಗ್ ನಡೆಯಬೇಕು. ಅದಕ್ಕೆ ಎರಡು ಗಾರೆ ತಂಡ ಬೇಕು, ಕೆಳಗಿನ ಸ್ಲ್ಯಾಬಿನ ಆಸರೆ ಗೂಟಗಳೂ ಅಷ್ಟರಲ್ಲಿ ಬಿಚ್ಚಿರಬೇಕು. ಆದ್ದರಿಂದ ಎಂಟು ತಿಂಗಳು ಎಂದವರನ್ನು ಕೇಳಬೇಕಾದ ಪ್ರಶ್ನೆ "ಆಗುತ್ತಾ?" ಅಂತಲ್ಲ, "ಹದಿನಾರನೇ ವಾರ ಸೈಟಿನಲ್ಲಿ ಎಷ್ಟು ಜನ ಗೌಂಡಿ ಇರುತ್ತಾರೆ?" ಅಂತ. ಒಬ್ಬ ಗಾರೆಯವನು, ಕೈಯಾಳು ಜೊತೆಗಿದ್ದರೆ, ದಿನಕ್ಕೆ ಒಂದರಿಂದ ಒಂದೂಕಾಲು ಘನಮೀಟರ್ ಇಟ್ಟಿಗೆ ಗೋಡೆ ಎಬ್ಬಿಸುತ್ತಾನೆ. ಒಂದೇ ದಿನ ಒಂದೂವರೆ ಮೀಟರಿಗಿಂತ ಎತ್ತರ ಏರಿಸುವುದೂ ಸರಿಯಲ್ಲ, ಹಸಿ ಗಾರೆ ಕೂತುಬಿಡುತ್ತದೆ. ಲೆಕ್ಕ ಇಷ್ಟು ಸರಳ. ಎದುರಿಗಿದ್ದವರು ಉತ್ತರಕ್ಕೆ ತಡವರಿಸಿದರೆ ಎಂಟು ತಿಂಗಳು ಬರೀ ಬಾಯಿಮಾತು.

ಸ್ಲ್ಯಾಬಿನ ತನಕ: ಇಲ್ಲಿ ಸೇವೆ ಗಟ್ಟಿ

ಪಾಯದ ಕೆಲಸದಲ್ಲಿ ಈ ಸೇವೆಯ ಲಾಭ ಕಣ್ಣಿಗೆ ಕಾಣುತ್ತದೆ. ಎರೆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗುಂಡಿ ತೆಗೆದು ಬೆಡ್ ಕಾಂಕ್ರೀಟ್ ಹಾಕದೆ ನಾಲ್ಕು ದಿನ ಬಿಟ್ಟರೆ, ನಡುವೆ ಒಂದು ಮಳೆ ಬಿದ್ದರೆ, ತಳದ ಮಣ್ಣು ಕೆಸರಾಗಿ ಮತ್ತೆ ಅಗೆಯಬೇಕು. ಲೇಬರ್ ಕಾಂಟ್ರ್ಯಾಕ್ಟಿನಲ್ಲಿ ಜೆಸಿಬಿ ಬಂದ ದಿನ ಜಲ್ಲಿ ಬಂದಿರುವುದಿಲ್ಲ, ಜಲ್ಲಿ ಬಂದ ದಿನ ಸಿಮೆಂಟು ಇರುವುದಿಲ್ಲ. ಸಾಮಾನೆಲ್ಲ ಒಬ್ಬರ ಕೈಯಲ್ಲಿದ್ದರೆ ಅಗೆದ ಮಾರನೇ ದಿನವೇ ಬೆಡ್ ಬೀಳುತ್ತದೆ. ಈ ಒಂದು ಹಂತದಲ್ಲೇ ಎರಡು ವಾರ ಉಳಿಯಬಹುದು.

ಸ್ಲ್ಯಾಬಿಗೂ ಹಾಗೆಯೇ. ಒಂದು ಮಹಡಿಗೆ 9 ಚದರ, ಐದು ಇಂಚು ದಪ್ಪ ಅಂದರೆ ಸ್ಲ್ಯಾಬಿಗೇ ಹತ್ತೂವರೆ ಘನಮೀಟರ್, ಬೀಮ್ ಸೇರಿ ಹದಿಮೂರರ ಸುಮಾರು. 1:1.5:3 (ಸಿಮೆಂಟು, ಮರಳು, ಜಲ್ಲಿ) ಮಿಶ್ರಣದಲ್ಲಿ ಘನಮೀಟರಿಗೆ ಎಂಟು ಚೀಲದಂತೆ ನೂರು ಚೀಲದ ಮೇಲೆ ಸಿಮೆಂಟು ಒಂದೇ ದಿನ ಬೇಕು. ಆ ದಿನಕ್ಕೆ ಮಿಕ್ಸರ್, ಲಿಫ್ಟ್, ವೈಬ್ರೇಟರ್, ಜನ, ನೀರು ಒಟ್ಟಿಗೆ ಕೂಡಿಬರಬೇಕು. ಸ್ಲ್ಯಾಬ್ ಹಾಕಿ ಅಭ್ಯಾಸವಿರುವ ತಂಡಕ್ಕೆ ಇದು ನೀರು ಕುಡಿದಷ್ಟು ಸಲೀಸು.

ತಡ ಅಡಗಿರುವುದು ಸೆಂಟ್ರಿಂಗ್ ಸಾಮಾನಿನಲ್ಲಿ, ಅಂದರೆ ಹಸಿ ಸ್ಲ್ಯಾಬನ್ನು ಹೊತ್ತು ನಿಲ್ಲುವ ಶೀಟು-ಗೂಟಗಳಲ್ಲಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿನ ಆಸರೆ 7 ದಿನ, ಅದಕ್ಕಿಂತ ಅಗಲದ್ದಕ್ಕೆ 14 ದಿನ ಇರಬೇಕು. ಆರು ಮೀಟರಿನೊಳಗಿನ ಬೀಮಿಗೆ 14, ಅದಕ್ಕಿಂತ ಉದ್ದದ್ದಕ್ಕೆ 21. ಇದೂ ಓಪಿಸಿ (ಸಾದಾ ಪೋರ್ಟ್‌ಲ್ಯಾಂಡ್) ಸಿಮೆಂಟಿನ ಲೆಕ್ಕ. ಮನೆ ಕೆಲಸಕ್ಕೆ ಸಾಮಾನ್ಯವಾಗಿ ಬರುವುದು ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟು. ಅದು ನಿಧಾನವಾಗಿ ಗಟ್ಟಿಯಾಗುವುದರಿಂದ ಇನ್ನೂ ಕೆಲವು ದಿನ ಸೇರಿಸುವುದು ಕ್ಷೇಮ. ಈಗ ಒಂದೇ ಸೆಟ್ ಶೀಟು ಮತ್ತು ಗೂಟ ಇಟ್ಟುಕೊಂಡು ಮೂರು ಸೈಟು ನಡೆಸುವವನನ್ನು ಯೋಚಿಸಿ. ಒಂದೋ ಬೇರೆಯವರ ಸ್ಲ್ಯಾಬಿನಡಿ ಗೂಟ ಬಿಚ್ಚುವ ತನಕ ನಿಮ್ಮ ಗೋಡೆ ಲಿಂಟಲ್ (ಬಾಗಿಲು-ಕಿಟಕಿಯ ಮೇಲಿನ ತೊಲೆ) ಮಟ್ಟದಲ್ಲಿ ಕಾಯುತ್ತದೆ, ಇಲ್ಲವೇ ನಿಮ್ಮ ಸ್ಲ್ಯಾಬಿನ ಗೂಟ ಹೊತ್ತಿಗೆ ಮುಂಚೆ ಲಾರಿ ಹತ್ತುತ್ತದೆ. ಎರಡನೆಯದು ತಡವಲ್ಲ, ಅಪಾಯ. ಒಪ್ಪಂದಕ್ಕೆ ಮುಂಚೆ ಕೇಳಿ: ಸಾಮಾನು ಸ್ವಂತದ್ದೋ ಬಾಡಿಗೆಯದೋ? ಎಷ್ಟು ಚದರಕ್ಕಿದೆ? ಸದ್ಯ ಎಲ್ಲಿ ಸಿಕ್ಕಿಕೊಂಡಿದೆ?

ಕ್ಯೂರಿಂಗ್, ಅಂದರೆ ಕಾಂಕ್ರೀಟಿಗೆ ನೀರು ಉಣಿಸುವುದು, ಈ ಸೇವೆಯ ಸಣ್ಣ ಕೊರತೆ. ಪಿಪಿಸಿಗೆ ಕನಿಷ್ಠ 10 ದಿನ, 14 ಆದರೆ ಒಳ್ಳೆಯದು. 9 ಚದರದ ಮೇಲೆ ಎರಡು ಇಂಚು ನೀರು ನಿಲ್ಲಿಸಲು ಒಂದು ಸಲಕ್ಕೆ ನಾಲ್ಕು ಸಾವಿರ ಲೀಟರಿನ ಮೇಲೆ ಬೇಕು. ಬೇಸಿಗೆಯಲ್ಲಿ ಬೋರ್ ಕೈಕೊಟ್ಟು ಟ್ಯಾಂಕರ್ ತರಿಸುವ ಸ್ಥಿತಿ ಬಂದಾಗ ಆ ಖರ್ಚು ಯಾರದ್ದು ಎಂದು ಬರೆದಿರದಿದ್ದರೆ, ಜಗಳ ಮುಗಿಯುವಷ್ಟರಲ್ಲಿ ಸ್ಲ್ಯಾಬ್ ಒಣಗಿರುತ್ತದೆ.

ಕಂತಿನ ಪಟ್ಟಿ ಓದಿದರೆ ತಡ ಎಲ್ಲಿ ಬರುತ್ತದೆಂದು ಗೊತ್ತಾಗುತ್ತದೆ

ಇಡೀ ಸೇವೆಯ ಗುಟ್ಟು ಇಲ್ಲಿದೆ, ಆದರೆ ಒಪ್ಪಂದಕ್ಕೆ ಸಹಿ ಹಾಕುವವರು ಹೆಚ್ಚಾಗಿ ನೋಡುವುದು ಸಿಮೆಂಟಿನ ಬ್ರ್ಯಾಂಡು ಮತ್ತು ಟೈಲ್ಸಿನ ರೇಟು. ಗುತ್ತಿಗೆ 40 ಲಕ್ಷ ಎಂದುಕೊಳ್ಳಿ. ಚಾಲ್ತಿಯಲ್ಲಿರುವ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಮುಂಗಡ ಶೇ. 10, ಪ್ಲಿಂತಿಗೆ 20, ಕೆಳಗಿನ ಸ್ಲ್ಯಾಬಿಗೆ 25, ಮೇಲಿನ ಸ್ಲ್ಯಾಬಿಗೆ 25, ಪ್ಲಾಸ್ಟರಿಂಗಿಗೆ 10, ಟೈಲ್ಸಿಗೆ 5, ಕೀಲಿಗೆ 5. ಮೇಲಿನ ಸ್ಲ್ಯಾಬ್ ಬಿದ್ದ ದಿನಕ್ಕೆ ನೀವು ಕೊಟ್ಟಿರುವುದು 32 ಲಕ್ಷ. ಆದರೆ ಮನೆಯ ಖರ್ಚಿನಲ್ಲಿ ಅಸ್ಥಿಪಂಜರದ (ಪಾಯ, ಕಾಲಂ, ಗೋಡೆ, ಸ್ಲ್ಯಾಬ್) ಪಾಲು ಅರ್ಧ ಅಥವಾ ಅದಕ್ಕಿಂತ ತುಸು ಹೆಚ್ಚು, ಅಂದರೆ 20–22 ಲಕ್ಷ. ಉಳಿದ ಹತ್ತು ಲಕ್ಷ ಗುತ್ತಿಗೆದಾರನ ಕೈಯಲ್ಲಿದೆ. ಕೈಯಲ್ಲಿದೆ ಅನ್ನುವುದಕ್ಕಿಂತ ಬೇರೆ ಸೈಟಿನ ಪಾಯದಲ್ಲಿದೆ ಅನ್ನಬೇಕು. ಮುಂದೆ ಬರಬೇಕಾದ 8 ಲಕ್ಷದಲ್ಲಿ 18 ಲಕ್ಷದ ಕೆಲಸ ಮುಗಿಸಬೇಕು. ಅದು ಆಗುವುದು ಇನ್ನೊಬ್ಬರು ಮುಂಗಡ ಕೊಟ್ಟಾಗ.

ಹೀಗಾಗಿ "ಪ್ಲಾಸ್ಟರಿಂಗ್ ಜನ ಸಿಗುತ್ತಿಲ್ಲ" ಎಂಬ ಮಾತಿನ ಹಿಂದೆ ಬಹಳ ಸಲ ಇರುವುದು ಜನದ ಕೊರತೆಯಲ್ಲ. ಶನಿವಾರದ ಬಟವಾಡೆ ಸರಿಯಾಗಿ ಬೀಳುವ ಸೈಟಿಗೆ ಸೋಮವಾರ ಜನ ಬರುತ್ತಾರೆ.

ನಾವು ಸೂಚಿಸುವ ಪಟ್ಟಿ: ಮುಂಗಡ 5, ಪ್ಲಿಂತ್ 13, ಎರಡು ಸ್ಲ್ಯಾಬಿಗೆ 18ರಂತೆ 36, ಪ್ಲಾಸ್ಟರಿಂಗ್ 14, ಟೈಲ್ಸ್ ಮತ್ತು ಗ್ರಾನೈಟ್ 14, ಬಾಗಿಲು-ಕಿಟಕಿ-ಪೇಂಟ್ 13, ಕೀಲಿ ಕೊಟ್ಟು ಉಳಿಕೆ ಕೆಲಸ ಮುಗಿದ ಮೇಲೆ 5. ಮೇಲಿನ ಸ್ಲ್ಯಾಬಿಗೆ ಹೋಗುವುದು ಶೇ. 54 ಮಾತ್ರ. ಮುಂಗಡ ಕಡಿಮೆಯಾಯಿತೆಂದು ಗುತ್ತಿಗೆದಾರ ತಕರಾರು ತೆಗೆದರೆ, ಕಬ್ಬಿಣದ ಬಿಲ್ಲನ್ನು ನೇರವಾಗಿ ಅಂಗಡಿಗೆ ಕಟ್ಟಿ ಕಂತಿನಲ್ಲಿ ಕಳೆಯುವುದು ನ್ಯಾಯವಾದ ನಡುದಾರಿ. ಚದರಡಿಗೆ ನಾಲ್ಕು ಕಿಲೋ ಎಂಬ ಅಂದಾಜಿನಲ್ಲಿ 18 ಚದರಕ್ಕೆ ಏಳು ಟನ್ ಚಿಲ್ಲರೆ ಬೀಳುತ್ತದೆ. ಸಿಮೆಂಟು ಚದರಡಿಗೆ 0.4 ಚೀಲದಂತೆ 720ರ ಆಸುಪಾಸು.

ಬ್ಯಾಂಕ್ ಸಾಲವಿದ್ದರೆ ಇನ್ನೊಂದು ತೊಡಕು. ಬ್ಯಾಂಕು ದುಡ್ಡು ಬಿಡುವುದು ತನ್ನ ಹಂತಗಳ ಪ್ರಕಾರ, ಅದೂ ಅವರ ಎಂಜಿನಿಯರ್ ಬಂದು ನೋಡಿದ ಮೇಲೆ, ಅದೂ ನಿಮ್ಮ ಪಾಲಿನ ಹಣ ಮೊದಲು ಖರ್ಚಾದ ಮೇಲೆ. ಗುತ್ತಿಗೆಯ ಕಂತು "ಲಿಂಟಲ್" ಅಂದರೆ, ಬ್ಯಾಂಕಿನ ಕಂತು "ಸ್ಲ್ಯಾಬ್" ಅಂದರೆ, ನಡುವಿನ ಮೂರು ವಾರ ಸೈಟು ಸುಮ್ಮನೆ ಬಿದ್ದಿರುತ್ತದೆ. ಆ ತಡದ ಹೊಣೆ ನಿಮ್ಮದೇ. ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟು ಹಂತದ ಹೆಸರು ಒಂದೇ ಮಾಡಿಸಿ. ಹಂತ ಮುಗಿಯುವುದಕ್ಕೆ ಹತ್ತು ದಿನ ಮುಂಚೆಯೇ ಬ್ಯಾಂಕಿಗೆ ಅರ್ಜಿ ಕೊಡಿ.

ಸ್ಲ್ಯಾಬ್ ಆದ ಮೇಲೆ: ಒಬ್ಬ ಇಳಿದು ಇನ್ನೊಬ್ಬ ಹತ್ತುವ ನಡುವೆ

ಪ್ಲಾಸ್ಟರಿಂಗ್ ನಂತರ ಮನೆಗೆ ಬರುವವರು ಎಲೆಕ್ಟ್ರಿಷಿಯನ್, ಪ್ಲಂಬರ್, ವಾಟರ್‌ಪ್ರೂಫಿಂಗಿನವರು, ಟೈಲ್ಸಿನವರು, ಗ್ರಾನೈಟಿನವರು, ಬಡಗಿ, ಕಿಟಕಿ-ಗ್ರಿಲ್ಲಿನವರು, ಪೇಂಟರ್. ಎಂಟು ತಂಡ. ಒಬ್ಬರ ಕೆಲಸ ಮುಗಿದು ಮುಂದಿನವರು ಬರುವ ನಡುವೆ ಐದೈದು ದಿನ ಖಾಲಿ ಹೋದರೂ ನಲವತ್ತು ದಿನ ಹೋಯಿತು. ಯಾರೂ ನಿಧಾನ ಮಾಡಿಲ್ಲ, ಆದರೂ ಮನೆ ಒಂದೂಕಾಲು ತಿಂಗಳು ಹಿಂದೆ ಬಿತ್ತು. "ಎಲ್ಲಾ ಒಂದೇ ಸೂರಿನಡಿ" ಎಂದು ಹೇಳಿಕೊಳ್ಳುವ ಸೇವೆಯೂ ಈ ಕೆಲಸಗಳನ್ನು ಉಪಗುತ್ತಿಗೆಗೆ ಕೊಡುವುದೇ ಹೆಚ್ಚು. ಆ ಎಂಟು ಜನರಿಗೂ ನಿಮ್ಮ ಮನೆ ಹಲವು ಮನೆಗಳಲ್ಲಿ ಒಂದು.

ಕೆಲವು ಅಂತರಗಳನ್ನು ಜನ ಸೇರಿಸಿ ಮುಚ್ಚಲು ಆಗುವುದಿಲ್ಲ. ಹೊಸ ಪ್ಲಾಸ್ಟರಿಗೆ ಏಳು ದಿನವಾದರೂ ನೀರು ಉಣಿಸಿ, ಪುಟ್ಟಿಗೆ ಮುಂಚೆ ನಾಲ್ಕು ವಾರ ಆರಲು ಬಿಡಬೇಕು. ಬಾತ್‌ರೂಮಿನ ಪೈಪಿಗೆ ಪ್ರೆಷರ್ ಟೆಸ್ಟ್ ಆಗಬೇಕು, ಸಂಕನ್ ಸ್ಲ್ಯಾಬಿಗೆ (ಬಾತ್‌ರೂಮಿನಡಿ ತಗ್ಗಿಸಿ ಹಾಕಿದ ಸ್ಲ್ಯಾಬ್) ವಾಟರ್‌ಪ್ರೂಫಿಂಗ್ ಕೋಟ್ ಹೊಡೆದು 48 ಗಂಟೆ ನೀರು ನಿಲ್ಲಿಸಿ ಕೆಳಗೆ ತೇವ ಕಾಣಲಿಲ್ಲವೆಂದ ಮೇಲೆ ಟೈಲ್ಸ್. ಜಾಣ ಗುತ್ತಿಗೆದಾರ ಈ ಕಾಯುವ ದಿನಗಳನ್ನು ಬೇರೆ ಕೆಲಸದಿಂದ ತುಂಬುತ್ತಾನೆ. ಕೆಳಮನೆಯ ಒಳ ಪ್ಲಾಸ್ಟರ್ ಮೊದಲು ಮುಗಿಸಿ ಅದು ಆರುವಷ್ಟರಲ್ಲಿ ಹೊರ ಪ್ಲಾಸ್ಟರ್ ಹಿಡಿಯುತ್ತಾನೆ. ಕಿಟಕಿಯ ಅಳತೆಯನ್ನು ಪ್ಲಾಸ್ಟರ್ ಆದ ವಾರವೇ ತೆಗೆಸುತ್ತಾನೆ, ಏಕೆಂದರೆ ಯುಪಿವಿಸಿ ಆಗಲಿ ಅಲ್ಯೂಮಿನಿಯಂ ಆಗಲಿ ಅಳತೆ ಕೊಟ್ಟ ಮೇಲೆ ಕೆಲವು ವಾರ ಹಿಡಿಯುತ್ತದೆ. ಪೇಂಟರ್ ಬಂದು ನಿಂತ ಮೇಲೆ ಕಿಟಕಿ ಅಳತೆ ತೆಗೆಯುವ ಸೈಟು ಕಂಡರೆ, ಅಲ್ಲಿ ಯೋಜನೆ ಎಂಬುದೇ ಇಲ್ಲ ಎಂದು ತಿಳಿಯಿರಿ.

ಮರದ್ದು ಬೇರೆಯೇ ಕಥೆ. ಹೊಸ್ತಿಲ ಪೂಜೆಗೆ ಮುಖ್ಯ ಬಾಗಿಲಿನ ಚೌಕಟ್ಟು ಬೇಗ ಬರುತ್ತದೆ, ಮಿಕ್ಕ ಬಾಗಿಲ ಮರ ಮರೆತುಹೋಗುತ್ತದೆ. ಕೊನೆ ಗಳಿಗೆಯಲ್ಲಿ ತಂದ ಹಸಿ ಮರ ಬೇಸಿಗೆಗೆ ಸೊಟ್ಟಗಾಗಿ, ಮನೆ ಸೇರಿದ ಮೇಲೆ ಬಡಗಿಯನ್ನು ಮತ್ತೆ ಹುಡುಕಬೇಕು. ಮೇಲಿನ ಸ್ಲ್ಯಾಬಿನ ಹೊತ್ತಿಗೇ ಮರ ಕೊಯ್ಸಿ ನೆರಳಲ್ಲಿ ಪೇರಿಸಿಟ್ಟರೆ ಈ ತಾಪತ್ರಯ ಅರ್ಧ ಕಮ್ಮಿ.

ಇಷ್ಟಕ್ಕೂ ಮನೆಯವರು ಮಾಡುವ ತಡವನ್ನು ಲೆಕ್ಕದಿಂದ ಬಿಟ್ಟರೆ ವಿಮರ್ಶೆ ಒಂದು ಕಡೆಗೆ ವಾಲುತ್ತದೆ. ಫ್ಯಾನಿನ ಬಾಕ್ಸ್, ಲೈಟಿನ ಪಾಯಿಂಟ್, ಡ್ರೈನ್ ಪೈಪಿನ ತೂತು ಎಲ್ಲಿ ಎಂಬುದು ಸ್ಲ್ಯಾಬಿನ ಕಬ್ಬಿಣ ಕಟ್ಟುವ ಮುಂಚೆ ತೀರ್ಮಾನವಾಗಬೇಕು. ಸ್ವಿಚ್ ಬೋರ್ಡುಗಳ ಜಾಗ ಗೋಡೆ ಕೊರೆಯುವ ಮುಂಚೆ. ಟೈಲ್ಸಿನ ಆಯ್ಕೆ ಪ್ಲಾಸ್ಟರಿಂಗ್ ಶುರುವಾಗುವಾಗಲೇ, ಏಕೆಂದರೆ ನೆಲದ ಮಟ್ಟದ ಮೇಲೆ ಬಾಗಿಲಿನ ಎತ್ತರ ನಿಂತಿದೆ. "ಅಡುಗೆಮನೆ ಗೋಡೆ ಎರಡಡಿ ಸರಿಸೋಣ" ಎಂಬ ಒಂದು ಮಾತು ಗೋಡೆ ಒಡೆಯುವ ಒಂದು ದಿನದಲ್ಲಿ ಮುಗಿಯುವುದಿಲ್ಲ. ಪೈಪು, ವೈರು, ಗ್ರಾನೈಟಿನ ಅಳತೆ ಎಲ್ಲ ಹಿಂದಕ್ಕೆ ಹೋಗುತ್ತದೆ.

ಮಳೆ, ಜಾತ್ರೆ, ನಾಟಿ

ದಾವಣಗೆರೆಯಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಮಳೆಯನ್ನು ಲೆಕ್ಕಕ್ಕಿಡದೆ ಪಾಯ ಹಾಕಬಾರದು. ಮಳೆಗಾಲದಲ್ಲಿ ಇಟ್ಟಿಗೆ ಭಟ್ಟಿ ನಿಲ್ಲುವುದರಿಂದ ಬೇಕಾದ ಇಟ್ಟಿಗೆಯನ್ನು ಮೇ ತಿಂಗಳಲ್ಲೇ ಇಳಿಸಿಕೊಳ್ಳಬೇಕು, ಇಲ್ಲವೇ ಸಿಮೆಂಟ್ ಬ್ಲಾಕಿಗೆ ಒಪ್ಪಬೇಕು. ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ನಾಟಿ, ಕೊಯ್ಲು, ಮೆಕ್ಕೆಜೋಳ ಮುರಿಯುವ ಕಾಲಕ್ಕೆ ಹಳ್ಳಿಯಿಂದ ಬರುವ ಕೈಯಾಳುಗಳು ಹೊಲದಲ್ಲಿರುತ್ತಾರೆ. ಟೈಲ್ಸ್, ಗ್ರಾನೈಟ್ ಮಾಡುವ ಬಿಹಾರ, ರಾಜಸ್ಥಾನದ ಹುಡುಗರು ಹೋಳಿ ಮತ್ತು ದೀಪಾವಳಿ-ಛಠ್‌ಗೆ ಊರಿಗೆ ಹೋದರೆ ಎರಡು ಮೂರು ವಾರ ಬರುವುದಿಲ್ಲ. ಅಮಾವಾಸ್ಯೆಗೆ ಹಲವು ತಂಡ ಬಂದ್. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಆ ವಾರಕ್ಕೆ ಸ್ಲ್ಯಾಬ್ ತಾರೀಕು ಕೊಡುವವರು ಈ ಊರಿನವರೇ ಅಲ್ಲ ಅನ್ನಬೇಕು. ಇವೆಲ್ಲ ಮೊದಲೇ ಗೊತ್ತಿರುವ ತಾರೀಕುಗಳು. ಗೊತ್ತಿದ್ದೂ ವೇಳಾಪಟ್ಟಿಯಲ್ಲಿ ಹಾಕದೆ ಆಮೇಲೆ "ಅನಿವಾರ್ಯ ಕಾರಣ" ಅನ್ನುವುದು ಈ ಸೇವೆಯ ಕೆಟ್ಟ ಚಾಳಿ.

ಚಿತ್ರದುರ್ಗದ ಕಡೆ ಇದೇ ಸೇವೆ ತೆಗೆದುಕೊಳ್ಳುವವರಿಗೆ ಒಂದೇ ಮಾತು: ಅಲ್ಲಿ ಎರೆಗಿಂತ ಬಂಡೆಯ ಕಾಟ. ಬ್ರೇಕರ್ ಹಚ್ಚಿ ಬಂಡೆ ಒಡೆಯುವ ಗಂಟೆಯ ದರ ಮತ್ತು ಅದಕ್ಕೆ ಸಿಗುವ ಹೆಚ್ಚುವರಿ ದಿನ, ಎರಡೂ ಒಪ್ಪಂದದಲ್ಲಿ ಇರಲಿ.

ತಡವಾದರೆ ಬೀಳುವ ಪೆಟ್ಟು

ಬ್ಯಾಂಕಿನಿಂದ 25 ಲಕ್ಷ ಬಿಡುಗಡೆಯಾಗಿದ್ದು ಬಡ್ಡಿ ಶೇ. 8.5 ಇದ್ದರೆ ತಿಂಗಳಿಗೆ ಬಡ್ಡಿಯೇ 17,700 ರೂಪಾಯಿ. ಈಗಿರುವ ಮನೆಯ ಬಾಡಿಗೆ 12,000 ಎಂದರೆ ತಿಂಗಳ ತಡಕ್ಕೆ ಮೂವತ್ತು ಸಾವಿರ ಹತ್ತಿರ. ಸಾಮಾನ್ಯ ಒಪ್ಪಂದದಲ್ಲಿ ದಂಡದ ಷರತ್ತೇ ಇರುವುದಿಲ್ಲ. ದಿನಕ್ಕೆ 500 ಎಂದು ಇದ್ದರೂ ತಿಂಗಳಿಗೆ 15,000, ಅರ್ಧ ಮಾತ್ರ. ದಂಡವನ್ನು ಈ ಲೆಕ್ಕ ತೋರಿಸಿಯೇ ದಿನಕ್ಕೆ ಸಾವಿರ ಎಂದು ಬರೆಸಿ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಸಿಗುವುದು ಬರೆದ ಮೊತ್ತವನ್ನು ಮೀರದ ನ್ಯಾಯವಾದ ಪರಿಹಾರ. ಹಾಗಾಗಿ ಮೊತ್ತದ ಹಿಂದೆ ಲೆಕ್ಕವಿರುವುದು ಒಳ್ಳೆಯದು.

ಹಣಕ್ಕಿಂತ ಕೆಟ್ಟದ್ದು, ಕಳೆದ ದಿನವನ್ನು ಕೊನೆಯಲ್ಲಿ ಹಿಡಿಯಲು ಓಡುವುದು. ಆಷಾಢ ಅಥವಾ ಧನುರ್ಮಾಸ ಬರುವ ಮುಂಚೆ ಗೃಹಪ್ರವೇಶ ಎಂದು ಕಾರ್ಡು ಹಂಚಿದ ಮನೆಗಳಲ್ಲಿ ಹಸಿ ಪ್ಲಾಸ್ಟರಿನ ಮೇಲೆ ಪುಟ್ಟಿ ಬೀಳುತ್ತದೆ, ಮಳೆಗಾಲಕ್ಕೆ ಬಣ್ಣ ಹಪ್ಪಳದಂತೆ ಏಳುತ್ತದೆ. ನೀರು ನಿಲ್ಲಿಸಿ ನೋಡದೆ ಟೈಲ್ಸ್ ಹಾಕಿದ ಬಾತ್‌ರೂಮು ಕೆಳಮನೆಯ ಸೀಲಿಂಗಿನಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಪೇಂಟು, ಪ್ಲಾಸ್ಟರಿಂಗಿಗೆ ಜನ ಹೆಚ್ಚಿಸಿ ವೇಗ ತರಬಹುದು. ಆರುವ, ಗಟ್ಟಿಯಾಗುವ ದಿನಗಳನ್ನು ಮುಟ್ಟಬಾರದು.

ಸಹಿಗೆ ಮುಂಚೆ ತಿದ್ದಿಸಬೇಕಾದ್ದು

ಮೊದಲನೆಯದು ಶುರುವಿನ ದಿನ. ಮಂಜೂರಾದ ನಕ್ಷೆ, ಸ್ಟ್ರಕ್ಚರಲ್ ಡ್ರಾಯಿಂಗ್, ಮುಂಗಡ, ನೀರು-ಕರೆಂಟು ಇರುವ ಖಾಲಿ ಸೈಟು, ಈ ನಾಲ್ಕೂ ಕೊಟ್ಟ ದಿನದಿಂದ ಎಣಿಕೆ. ಜಾಗ ಕೈಗೆ ಬಾರದೆ ಎಣಿಕೆ ಶುರು ಮಾಡಿದರೆ ಏನಾಗುತ್ತದೆಂದು ಈ ಭಾಗದವರಿಗೆ ಹೇಳಬೇಕಿಲ್ಲ: ತುಮಕೂರು–ಚಿತ್ರದುರ್ಗ–ದಾವಣಗೆರೆ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 2011-12ರಲ್ಲಿ, ಭೂಸ್ವಾಧೀನದಲ್ಲೇ ವರ್ಷಗಳು ಹೋದವು.

ಎರಡನೆಯದು ದಿನ ಹೆಚ್ಚಿಸುವ ನಿಯಮ. ಮಳೆಯೋ, ನಿಮ್ಮ ಬದಲಾವಣೆಯೋ, ಕಾರಣ ಏನೇ ಇರಲಿ, ಏಳು ದಿನದೊಳಗೆ ವಾಟ್ಸಾಪಿನಲ್ಲಾದರೂ ಬರೆದು ತಿಳಿಸಿದರೆ ಮಾತ್ರ ದಿನ ಸೇರುತ್ತದೆ. ಇಡೀ ಕೆಲಸ ನಿಂತ ದಿನಕ್ಕಷ್ಟೇ ವಿನಾಯಿತಿ; ಹೊರಗೆ ಮಳೆ ಬಂದು ಒಳಗೆ ಪ್ಲಾಸ್ಟರ್ ನಡೆಯುವುದಿದ್ದರೆ ಅದು ತಡವಲ್ಲ. ಸೈಟಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟು ದಿನವೂ ಹವೆ, ಗಾರೆಯವರೆಷ್ಟು, ಕೈಯಾಳೆಷ್ಟು, ಸಿಮೆಂಟು ಎಷ್ಟು ಚೀಲ ಹೋಯಿತು ಎಂದು ಬರೆಸಿ, ವಾರಕ್ಕೊಮ್ಮೆ ಇಬ್ಬರೂ ಸಹಿ ಹಾಕಿ. ಜಗಳ ಬಂದ ದಿನ ಮಾತನಾಡುವುದು ಈ ಪುಸ್ತಕ.

ಮೂರನೆಯದು ಮುಂದಿನ ಮೂರು ವಾರದ ಪಟ್ಟಿ. ಪ್ರತಿ ಶನಿವಾರ, ಬಟವಾಡೆಯ ಹೊತ್ತಿಗೆ, ಮುಂದಿನ ಮೂರು ವಾರ ಯಾವ ತಂಡ ಯಾವ ದಿನ ಬರುತ್ತದೆ, ಅದಕ್ಕೆ ಯಾವ ಸಾಮಾನು ಬೇಕು, ನೀವು ಯಾವುದನ್ನು ತೀರ್ಮಾನಿಸಬೇಕು ಎಂದು ಒಂದು ಹಾಳೆ. ದೊಡ್ಡ ಸಾಫ್ಟ್‌ವೇರ್ ಚಾರ್ಟಿಗಿಂತ 18 ಚದರದ ಮನೆಗೆ ಇದು ಹೆಚ್ಚು ಉಪಯೋಗ. ಇದಕ್ಕೆ ಒಪ್ಪದ ಗುತ್ತಿಗೆದಾರನಿಗೆ ಲೇಬರ್ ಕಾಂಟ್ರ್ಯಾಕ್ಟಿಗಿಂತ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ.

ಕಾನೂನಿನ ಆಸರೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹರಡಿದೆ. ಸ್ವಂತ ಸೈಟಿನ ಒಂದು ಮನೆಯ ಗುತ್ತಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಅಡಿ ಬರುವುದಿಲ್ಲ. ಬರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ; ಮನೆ ನಿರ್ಮಾಣವನ್ನು ಅದು ಸೇವೆ ಎಂದೇ ಹೆಸರಿಸಿದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ಎರಡು ವರ್ಷದೊಳಗೆ ದೂರು.

ಕೀಲಿ ತೆಗೆದುಕೊಳ್ಳುವ ದಿನ ಮರೆಯಬಾರದ ಒಂದು ಕಾಗದವಿದೆ. ಕರಾರು ಕಾಯ್ದೆಯ 55ನೇ ಕಲಂ ಪ್ರಕಾರ, ತಡವಾದ ಕೆಲಸವನ್ನು ಏನೂ ಹೇಳದೆ ಸ್ವೀಕರಿಸಿದರೆ ಆಮೇಲೆ ತಡಕ್ಕೆ ಪರಿಹಾರ ಕೇಳುವ ಹಕ್ಕು ಕೈತಪ್ಪಬಹುದು. "ಇಷ್ಟು ದಿನ ತಡವಾಗಿದೆ, ಪರಿಹಾರದ ಹಕ್ಕು ಉಳಿಸಿಕೊಂಡು ಸ್ವೀಕರಿಸುತ್ತಿದ್ದೇನೆ" ಎಂಬ ಎರಡು ಸಾಲು ಬರೆದು, ಉಳಿಕೆ ಕೆಲಸದ ಪಟ್ಟಿ ಲಗತ್ತಿಸಿ, ಗುತ್ತಿಗೆದಾರನ ಸಹಿ ಪಡೆದು, ಕೊನೆಯ ಶೇ. 5 ಹಿಡಿದಿಟ್ಟು ಹಾಲು ಉಕ್ಕಿಸಿ.